ಹೆಸರು ಮೊದಲು

ದಿಲ್ಲಿಗೆ ಸ್ವಾತಂತ್ರ್ಯ ಬಂದಿತ್ತು, ಸುರಪುರಕ್ಕೆ ಇನ್ನೂ ನಿಜಾಮರ ಸರ್ಕಾರವೇ. ಇಂಗ್ಲಿಷ್ ಕಲಿಸುತ್ತಿದ್ದ ಸಂಗಣ್ಣ ಮಾಸ್ತರರು ಶಾಲೆಯ ಮಾಳಿಗೆಯ ಮೇಲೆ ತಿರಂಗಾ ಹಾರಿಸಿ ವಾರಂಟು ಮೈಮೇಲೆ ಎಳೆದುಕೊಂಡಿದ್ದರು. ಯಾದಗಿರಿಯಲ್ಲಿ ನಿಜಾಮರ ಗಡಿಯಾಚೆಯ ಸೋಲಾಪುರದ ರೈಲುಗಾಡಿ ಹತ್ತಿದರೆ ಬಚಾವು, ಸಿಕ್ಕರೆ ಜೇಲು. ಮೀಸೆ ಬೋಳಿಸಿ, ಮಾಸಿದ ರುಮಾಲು ಸುತ್ತಿ, ಗಿರಣಿ ಕೂಲಿ ಲಾಲಪ್ಪನಾಗಿ ಹೊರಟರು. ಜೊತೆಗೆ ಹೆಂಡತಿ ಅಮೃತಮ್ಮ.

ಬಂಡಿಯಲ್ಲಿ ದಾರಿಯುದ್ದಕ್ಕೂ ಪಾಠ.

“‘ಐ ಹ್ಯಾವ್ ನೆವರ್ ಸೀನ್’ ಅಂದ್ರ ಸಪ್ಪನ ಮಾತು. ಜೋರು ಬೇಕಂದ್ರ ‘ನೆವರ್ ಹ್ಯಾವ್ ಐ ಸೀನ್!’ ಎಂದೂ ನೋಡಿಲ್ಲ ನಾ! ತೂಕದ ಮಾತು ಮುಂದ ಬಂತು, ಎದುರಿನವ ಹಿಂದ ಸರದ. ನೀನೂ ಹಂಗ ಹೇಳು. ನನ್ನ ಹೆಸರು ಕೇಳಿದ್ರ ತೊದಲಬ್ಯಾಡ. ‘ಲಾಲಪ್ಪ ಅಂತ್ರಿ ಹೆಸರು!’ ಹೆಸರು ಮೊದಲು.”

“ನಿಮ್ಮ ಹೆಸರಾದ್ರ ಸತ್ರೂ ಅನ್ನಂಗಿಲ್ಲ. ಲಾಲಪ್ಪ ಯಾವನರೆ ಆಗ್ಲಿ, ಅಂತೀನಿ,” ಎಂದಳು ಅಮೃತಮ್ಮ.

ಸ್ಟೇಷನ್ನಿನ ಬಾಗಿಲಲ್ಲಿ ಪೊಲೀಸ್ ಜವಾನ ಬಾಷುಮಿಯಾ ಕೋಲು ಅಡ್ಡ ಹಿಡಿದ. ಶಹಾಪುರದವನು. ಗಂಡಸನ್ನು ಬಿಟ್ಟು ಹೆಂಗಸನ್ನೇ ಕೇಳಿದ: “ಏನವಾ ಇವನ ಹೆಸರು?”

“ಲಾಲಪ್ಪ ಅಂತ್ರಿ ಹೆಸರು!” ಒಂದೇ ಉಸಿರಿಗೆ, ಶಾಲೆಯ ಗಂಟೆ ಬಾರಿಸಿದಂತೆ.

ಮಾಸ್ತರರ ಮುಖದಲ್ಲಿ ಫಸ್ಟ್ ಕ್ಲಾಸಿನ ನಗೆ. ಬಾಷುಮಿಯಾನ ಹುಬ್ಬು ಮಾತ್ರ ಮೇಲೇರಿತು.

“ಅಲಲಾ! ನಮ್ಮ ಓಣ್ಯಾಗ ಮುದುಕ್ಯಾರು ಸೈತ ಗಂಡನ ಹೆಸರು ಕೇಳಿದ್ರ ಸೆರಗು ಬಾಯಿಗಿಡ್ತಾರ. ನೀ ಅರ್ಜಿ ಓದಿದಂಗ ಓದಿದಿ. ಇವ ಖರೇ ಲಾಲಪ್ಪ ಏನು? ಒಬ್ಬ ಮಾಸ್ತರ ಹೇಣ್ತೀನ ಕರಕೊಂಡು ಓಡಿ ಹೋಗ್ಯಾನ, ಹುಡುಕಾಕತ್ತೀವಿ.”

ಗಾಡಿ ಸಿಳ್ಳು ಹಾಕಿತು. ಮಾಸ್ತರರು ರುಮಾಲನ್ನು ಹಣೆಯ ಮೇಲೆ ಎಳೆದುಕೊಂಡರು.

“ಗಂಡ ಅಂದವ್ರು ಯಾರ್ರಿ?” ಅಮೃತಮ್ಮನ ದನಿ ಏರಿತು. “ತಮ್ಮ ಅದಾನ ನನಗ. ನಮ್ಮ ಮನಿಯವ್ರು ಸೋಲಾಪುರದ ಗಿರಣ್ಯಾಗ ಅದಾರ. ಬಿಡಾಕ ಹೊಂಟಾನ ಇವ.”

“ತಮ್ಮ?” ಕೋಲು ಅಲುಗಲಿಲ್ಲ. ಬಾಷುಮಿಯಾ ಮಾಸ್ತರರ ಬೋಳು ಮೂತಿಯನ್ನೇ ನೋಡುತ್ತ ನಿಂತ.

ಅಮೃತಮ್ಮ ಗಂಡನ ಬೆನ್ನಿಗೆ ಫಟ್ಟನೆ ಬಾರಿಸಿದಳು. “ಎತ್ತಲೇ ಗಂಟು, ಲಾಲ್ಯಾ! ಹೊಂಟದ ಗಾಡಿ, ನಿಂತಾನ ನೋಡು ಮಂಗ್ಯಾ! ಕೆಡಿಸಿಟ್ಟಾಳ ನಮ್ಮವ್ವ, ಮುದ್ದು ಮಾಡಿ!”

ನಾಲ್ಕು ಜನರೆದುರು ಗಂಡನ ಮೇಲೆ ಕೈಯೆತ್ತುವ ಹೆಂಗಸನ್ನು ಬಾಷುಮಿಯಾ ಈ ಸೀಮೆಯಲ್ಲಿ ಕಂಡಿರಲಿಲ್ಲ. ಕೋಲು ಸರಿಯಿತು.

“ಹೋಗಪ್ಪಾ ಹೋಗು. ನಿಮ್ಮಕ್ಕನ ಕೈ ಭಾರಿ ಅದ.”

ಲಾಲ್ಯಾ ಗಂಟು ಹೊತ್ತು ಓಡಿದ.

ಗಾಡಿ ಊರು ಬಿಟ್ಟ ಮೇಲೂ ಅಮೃತಮ್ಮ ತಲೆ ಎತ್ತಲಿಲ್ಲ. ಹೊಡೆದ ಕೈಯನ್ನು ಗಂಟಿನಡಿ ಬಚ್ಚಿಟ್ಟಿದ್ದಳು.

“ನೆವರ್ ಹ್ಯಾವ್ ಐ…” ಎನ್ನುತ್ತ ಬೆನ್ನು ಸವರಿಕೊಂಡರು ಮಾಸ್ತರರು.

ಅವಳು ಸೆರಗು ಬಾಯಿಗಿಟ್ಟುಕೊಂಡಳು.

“ನಾ ಅಲ್ರಿ ಹೊಡದದ್ದು. ಲಾಲ್ಯಾನ ಅಕ್ಕ.”