ಒಣ ಕ್ಲಾರೆತ್‌ನಲ್ಲಿ ಹೂತಿಟ್ಟ ಕರಬೂಜ

ಗಾಸ್ತೋನ್ ವೆರ್ದಿಯೆ ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನ ದ್ರಾಕ್ಷಿತೋಟದ ಬದಿಯ ಕ್ಲಾರೆತ್ ಹೊಳೆಯೋ ಬರೀ ಚರಂಡಿಯೋ ಎಂದು ನಕ್ಷೆಯಲ್ಲಿ ಬರೆಯಲು ಸರ್ಕಾರದಿಂದ ಸೆವೆರಿನ್ ಎಂಬ ಹೆಂಗಸು ಬರುವವಳಿದ್ದಳು. ಹೊಳೆ ಅಂತಾದರೆ ದಡದಿಂದ ಐದು ಮೀಟರ್ ಔಷಧಿ ಹೊಡೆಯುವಂತಿಲ್ಲ. ಔಷಧಿಯಿಲ್ಲದೆ ಅಪ್ಪ ನೆಟ್ಟ ಎರಡು ಸಾಲು ಬಳ್ಳಿ ಬೂಷ್ಟು ಹಿಡಿದು ಹೋದ ಹಾಗೇ. ಅದಕ್ಕೇ ಅವನು ಬೇಕೆಂದೇ ತಪಾಸಣೆಗೆ ಕಡುಬೇಸಿಗೆಯ ಆಗಸ್ಟ್ ತಿಂಗಳನ್ನು ಕೇಳಿ ಪಡೆದಿದ್ದ. ಆಗ ಕ್ಲಾರೆತ್ ಸುಣ್ಣಬಂಡೆಯ ಬುಡದಲ್ಲಿ ಹುಟ್ಟಿ, ಚರ್ಚು ದಾಟುವಷ್ಟರಲ್ಲಿ ಜಲ್ಲಿಯೊಳಗೆ ಮಾಯವಾಗುತ್ತದೆ. ಮತ್ತೆ ಮುಖ ತೋರಿಸುವುದು ಕೆಳಗಿನ ಊರಲ್ಲೇ. ನಡುವೆ, ಅವನ ತೋಟದ ಬದಿಯೂ ಸೇರಿ, ಮೂರು ಕಿಲೋಮೀಟರ್ ಬರೀ ಬಿಳಿ ಕಲ್ಲು.

"ಚರಂಡಿ ಅಂತ ಅಂದು ಸುಮ್ನಾಗಿ. ನಿಮ್ಮ ನಾಲಿಗೆ ನಂಗೆ ಗೊತ್ತಿಲ್ವಾ?" ಎಂದಿದ್ದಳು ಹೆಂಡತಿ ಜೊಸೆತ್.

ಸೆವೆರಿನ್ ಬಂದಳು. ಸುಡುಬಿಸಿಲಲ್ಲಿ ಒಂದು ಗಂಟೆ ಕಲ್ಲು ಮಗುಚಿ ನೋಡಿ, ನೀರಿಲ್ಲ ಎಂದು ಬರೆದುಕೊಂಡಳು. ಗಾಸ್ತೋನ್ ಐದು ಸಲ ಚರಂಡಿ ಅಂದ. ಪ್ರತಿಸಲವೂ ಬೇರೆಲ್ಲೋ ನೋಡುತ್ತ. ಆದರೂ ಬಂದವರನ್ನು ಒಣಬಾಯಲ್ಲಿ ಕಳಿಸುವ ಜಾತಿ ಅವನದಲ್ಲ. ಕ್ಲಾರೆತ್‌ನ ತಿರುವಿನಾಚೆ ಹೋಗಿ ಒಂದು ಕರಬೂಜ ತಂದು ಹೆಚ್ಚಿ ಕೊಟ್ಟ. ಇಷ್ಟು ತಣ್ಣಗಿದೆಯಲ್ಲ, ಫ್ರಿಜ್ ಇಲ್ಲೇ ಎಲ್ಲೋ ಇದೆಯಾ ಎಂದು ಅವಳು ನಕ್ಕಳು. ಅವನೂ ನಕ್ಕು ತಪ್ಪಿಸಿಕೊಂಡ.

ಹಣ್ಣು ಮುಗಿಸಿ ಅವಳು ಕಡತ ಮುಚ್ಚಿದಳು.

"ನೀವಂದಿದ್ದೇ ಸರಿ ಯಜಮಾನ್ರೇ. ಪಾಪ, ಸತ್ತ ಚರಂಡಿ ಇದು."

ಸತ್ತ? ಗಾಸ್ತೋನ್‌ಗೆ ಮೈಯೆಲ್ಲ ಉರಿಯಿತು. ಅವನ ಅಜ್ಜಿ, ಅಪ್ಪ, ಎಲ್ಲರೂ ಇದೇ ಜಲ್ಲಿಯಲ್ಲಿ ತಂಪಿಗೆಂದು ಹಣ್ಣು ಹೂತಿಟ್ಟು ಬೇಸಿಗೆ ಕಳೆದವರು.

"ಸತ್ತಿಲ್ಲ ಕಣಮ್ಮಾ. ಬಾ ಇಲ್ಲಿ, ತೋರಿಸ್ತೀನಿ."

ತಿರುವಿನಾಚೆ ಕರಬೂಜ ಕಿತ್ತ ಗುಂಡಿಯಲ್ಲಿ ಆಗಲೇ ತಿಳಿನೀರು ತುಂಬಿತ್ತು. ಬೊಗಸೆಯಲ್ಲಿ ಎತ್ತಿದರೆ ಅಕ್ಕಿಕಾಳಿನಷ್ಟು ಸೀಗಡಿಯೊಂದು ಒದ್ದಾಡಿತು. ಸೆವೆರಿನ್ ಮಂಡಿಯೂರಿ ಮೊಣಕೈವರೆಗೆ ಕೈ ಇಳಿಬಿಟ್ಟಳು. ನೀರು ವರ್ಷವಿಡೀ ಇರುತ್ತದೆಯೇ ಎಂದು ಕೇಳಿದಳು. ಗಾಸ್ತೋನ್ ಒಮ್ಮೆ ಅಪ್ಪನ ಎರಡು ಸಾಲುಗಳ ಕಡೆ ನೋಡಿದ.

"ನಾ ಹುಟ್ಟಿದಾಗಿಂದ ಬತ್ತಿದ್ದು ಕಂಡಿಲ್ಲ."

ಅವಳು ಕಡತ ಬಿಚ್ಚಿ, ಬರೆದದ್ದನ್ನು ಹೊಡೆದುಹಾಕಿ ಹೊಳೆ ಎಂದು ಬರೆದಳು.

ಮನೆಬಾಗಿಲಲ್ಲಿ ಜೊಸೆತ್ ಕಾಯುತ್ತಿದ್ದಳು. ಆಕೆಗೆ ಕರಬೂಜ ಕೊಟ್ಟೆ ಎಂದ ಗಾಸ್ತೋನ್. ಎಲ್ಲಿಂದ ತಂದದ್ದು ಎಂದು ಹೆಂಡತಿ ಕೇಳಬೇಕಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ಎರಡೂ ಸಾಲಾ?"

"ಎರಡೂ."

ಅವನೂ ಪಕ್ಕದಲ್ಲಿ ಕೂತ. ಅಂಗೈ ಇನ್ನೂ ತಣ್ಣಗಿತ್ತು.