ಕಾಜಾ ಹಾಕುವವಳ ಫೋಟೋ

ದರ್ಜಿಯಮ್ಮನ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಅದಕ್ಕೇ ಅವಳು ಹೊಲಿದದ್ದನ್ನೆಲ್ಲ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕತೊಡಗಿದಳು. ಒಂದು ದಿನ, ಕಿಟಕಿಯ ಬಳಿ ತಲೆಬಗ್ಗಿಸಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹೊಸ ಕೆಲಸದವಳನ್ನೂ ಕ್ಲಿಕ್ಕಿಸಿದಳು. ಅವಳು ಪುಟ್ಟ ಮಗಳ ಜೊತೆ ಈ ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಮಾತು ಕಮ್ಮಿ, ಕೈ ಚುರುಕು.

ಪಕ್ಕದ ಮೊಬೈಲ್ ರಿಪೇರಿಯವಳು ಇಣುಕಿ ನೋಡಿದಳು. "ಅವಳ ಹೆಸರು ಟ್ಯಾಗ್ ಮಾಡ್ತಿದ್ದೀಯಾ? ಬೀದಿ ಹೆಸರೂ ಹಾಕಿದ್ದೀಯಲ್ಲೇ! ಅವಳನ್ನ ಒಂದು ಮಾತು ಕೇಳಿದ್ಯಾ?"

"ಕೇಳೋದೇನು? ಒಳ್ಳೇ ಕೆಲಸಗಾತಿ ಅಂತ ಹೊಗಳಿದ್ದೀನಿ. ಮುಖ ತೋರಿಸಿದ್ರೆ ಸವೆದು ಹೋಗುತ್ತಾ?"

"ಟ್ಯಾಗ್ ಅಂದ್ರೆ ಫೋಟೋಗೆ ವಿಳಾಸದ ಚೀಟಿ ಅಂಟಿಸಿದ ಹಾಗೆ ಕಣೇ. ಅವಳ ಪರಿಚಯದವರಿಗೆಲ್ಲ ಕಾಣುತ್ತೆ. ಬೀದಿ ಹೆಸರು ಒತ್ತಿದವರಿಗೂ ಸಿಗುತ್ತೆ."

"ಸಿಗಲಿ ಬಿಡು, ಗಿರಾಕಿ ಬರ್ತಾರೆ," ಎಂದು ದರ್ಜಿಯಮ್ಮ ನಕ್ಕಳು.

ಮರುದಿನ ಕಾಜಾದವಳು ಫೋನ್ ಹಿಡಿದು ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ, ಅದನ್ನ ತೆಗೆದುಬಿಡಿ. ನನ್ನ ನಾದಿನಿ ನೋಡಿದ್ದಾಳೆ."

"ನೋಡಿದ್ರೆ ಏನಾಯ್ತು?"

ಅವಳು ಸೆರಗು ಸರಿಸಿ ತೋಳು ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ಸುಟ್ಟ ಗಾಯದ ಕಲೆ. "ಗಂಡ. ಮಗೂನೂ ಬಿಡಲ್ಲ ಅಂದಿದ್ದ. ಹೇಳದೆ ಕೇಳದೆ ಓಡಿ ಬಂದ್ವಿ."

ದರ್ಜಿಯಮ್ಮ ಆಗಲೇ ಫೋನ್ ಎತ್ತಿಕೊಂಡಳು. ಫೋಟೋ ಅಳಿಸಿದಳು. ಆದರೆ ಆ ಹೊತ್ತಿಗೆ ಅದು ಎಷ್ಟು ಫೋನ್‌ಗಳಿಗೆ ಹೋಗಿತ್ತೋ!

ಮೂರನೆಯ ದಿನ ಮಧ್ಯಾಹ್ನ ಅವನು ಬಂದೇಬಿಟ್ಟ. ಬಾಗಿಲಲ್ಲಿ ನಿಂತು ಹೆಂಡತಿಯ ಹೆಸರು ಹಿಡಿದು ಕೂಗಿದ. ಕಾಜಾದವಳು ಹಿಂಬಾಗಿಲಿನಿಂದ ಓಡಿ, ಶಾಲೆಯಿಂದ ಮಗಳನ್ನು ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತಿದಳು. ಅವನು ಮೇಜು ಉರುಳಿಸಿದ, ಅಡ್ಡ ನಿಂತ ದರ್ಜಿಯಮ್ಮನನ್ನು ನೂಕಿದ. ರಿಪೇರಿಯವಳು ಪೊಲೀಸರನ್ನು ಕರೆಸಿದ ಮೇಲೆಯೇ ಅವನು ಹೊರಗೆ ಕಾಲಿಟ್ಟದ್ದು.

ವಾರದ ನಂತರ ಒಂದೇ ಒಂದು ಸಂದೇಶ ಬಂತು: "ಇಬ್ಬರೂ ಚೆನ್ನಾಗಿದ್ದೀವಿ. ಎಲ್ಲಿ ಅಂತ ಕೇಳ್ಬೇಡಿ ಅಕ್ಕ." ಆಮೇಲೆ ಆ ನಂಬರ್ ಬಂದ್ ಆಯಿತು.

"ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ ಕಣೇ," ಎಂದು ದರ್ಜಿಯಮ್ಮ ಅತ್ತಳು. ರಿಪೇರಿಯವಳು ಪಕ್ಕದಲ್ಲಿ ಕೂತು, ಹಳೆಯ ಫೋಟೋಗಳಿಂದ ಹೆಸರು, ಬೀದಿ ತೆಗೆಯುವುದನ್ನು ತೋರಿಸಿಕೊಟ್ಟಳು. ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ಯಾರೂ ಟ್ಯಾಗ್ ಮಾಡದಂತೆ ಸೆಟ್ಟಿಂಗ್ ಬದಲಿಸುವುದನ್ನೂ ಕಲಿಸಿದಳು. ಸಮವಸ್ತ್ರದ ಅಳತೆ ಕೊಡಲು ಬಂದ ಮಕ್ಕಳ ಫೋಟೋಗಳೇ ನಲವತ್ತಿದ್ದವು. ಶಾಲೆಯ ಹೆಸರು ಸಮೇತ! ಒಂದೊಂದನ್ನೂ ಅಳಿಸುತ್ತ ದರ್ಜಿಯಮ್ಮ ಆ ಮಕ್ಕಳ ಮನೆಗಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನನ್ನು ಈಗಲೇ ಕೈಗೆತ್ತಿಕೊಳ್ಳಿ. ಯಾರ ಹೆಸರನ್ನಾದರೂ ಅವರನ್ನು ಕೇಳದೆ ಅಂಟಿಸಿದ್ದರೆ ತೆಗೆಯಿರಿ. ಮಕ್ಕಳ ಫೋಟೋಗೆ ಶಾಲೆ, ಬೀದಿ, ಊರು ಸೇರಿಸಬೇಡಿ. ಯಾರು ಯಾರಿಂದ ತಪ್ಪಿಸಿಕೊಂಡು ಬದುಕುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಫೋಟೋ ಹಾಕುವ ಮೊದಲು ಅವರನ್ನೇ ಕೇಳಿ. ಬೇಡ ಎಂದರೆ ಕಾರಣ ಕೆದಕದೆ ಸುಮ್ಮನಾಗಿ.