ಕುದುರೆ ಕುದುರಿಸಿದವನು

"ಹೆಣಾ ಇಳಸ್ರಿ! ಟಾಂಗಾದಾಗ ಒಯ್ಯಾಕತ್ತೀರಿ, ಇದೇನು ಹುಮನಾಬಾದ ಸಂತಿ ಸವಾರಿ ಏನು?" ಎಂದು ತುಳಜಾರಾಮ ಗಾಲಿಯ ಮುಂದೆ ಕೈಚಾಚಿ ನಿಂತ. ಮೋರಖಂಡಿ ಊರಿನ ಹಿರಿಯ, ಎದುರಿಗೆ ಉಪದೇಶ, ಹಿಂದೆ ಉಪಹಾಸ.

ಟಾಂಗಾದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು ದಿಗಂಬರ, ಎಪ್ಪತ್ತೊಂದರ ಯುದ್ಧದಿಂದ ಮರಳಿದ ಸಿಪಾಯಿ. ಲಗಾಮು ಅವನ ಹೆಂಡತಿ ದ್ರೌಪತಿಯ ಕೈಯಲ್ಲಿತ್ತು.

"ಸತ್ತವಗ ನಾಲ್ಕು ಮಂದಿ ಹೆಗಲು ಕೊಡಬೇಕು, ತಂಗಿ. ರಿವಾಜು ಅದ."

"ಬದುಕಿದ್ದಾಗ ಎಷ್ಟು ಮಂದಿ ಕೊಟ್ರಿ, ಕಾಕಾ?"

"ಅದರಾಗ ಹೆಣ್ಣು ಟಾಂಗಾ ಹೊಡಿಯೂದು!"

"ಒಂದಲ್ರಿ, ಎರಡು ಹೆಣ್ಣು. ಒಬ್ಬಾಕಿ ಎಳೀತಾಳ, ಒಬ್ಬಾಕಿ ಹೊಡೀತಾಳ."

ಯಾರೋ ನಗು ತಡೆಯಲು ಕೆಮ್ಮಿದರು.

*

ಯುದ್ಧ ಮುಗಿದ ಮರುವರ್ಷ, ದೀಪಾವಳಿಯ ಪಟಾಕಿ ಸಿಡಿದಾಗ ದಿಗಂಬರ ನೆಲದಡಿ ಜೋಳ ತುಂಬಿಡುವ ಹಗೇವಿನೊಳಗೆ ಇಳಿದು ಕೂತ. ಮೇಲಿನಿಂದ ಇಣುಕಿದ ತುಳಜಾರಾಮ, 'ಹಗೇವಿನ ಹವಾಲ್ದಾರ' ಎಂದು ಬಿರುದು ಕೊಟ್ಟ. ಊರು ನಕ್ಕಿತು. ದಿಗಂಬರ ಮನೆಬಾಗಿಲು ದಾಟುವುದನ್ನೇ ಬಿಟ್ಟ.

ಅವನನ್ನು ಬಸವಕಲ್ಯಾಣಕ್ಕೆ ಎಬ್ಬಿಸಿಕೊಂಡು ಹೋದವನು ಟಾಂಗಾ ಹೊಡೆಯುವ ಬದ್ರುದ್ದೀನ್. ಅವನ ಎಳೆಯ ಹೆಣ್ಣು ಕುದುರೆಯ ಹೆಸರು ಬಿಜಲಿ. ಗುಡುಗು ಬೇಡ, ಬಸ್ಸಿನ ಹಾರನ್ನಿಗೇ ಅದು ಗಡಗಡ.

"ಕುತಿಗಿ ಮ್ಯಾಲ ಕೈ ಇಡು, ಭಾಯಿ. ನಿನ್ನ ಕೈ ನಡುಗಿದ್ರ ಇದೂ ನಡುಗ್ತದ."

"ನನ್ನ ಕೈ ನಿಂದ್ರಲಿಲ್ಲ ಅಂದ್ರ?"

"ಇಬ್ರೂ ಕೂಡಿ ನಡುಗ್ರಿ. ನನಗೇನು ಜಲ್ದಿ ಇಲ್ಲ."

ಮೈ ತಿಕ್ಕುತ್ತ, ಹುಲ್ಲು ಹಾಕುತ್ತ, ಅದರ ಉಸಿರಿಗೆ ತನ್ನ ಉಸಿರು ಹೊಂದಿಸುತ್ತ ದಿಗಂಬರ ನಿಧಾನಕ್ಕೆ ಕುದುರಿದ. ಕುದುರೆಯೂ ಕುದುರಿತು. ಯಾರು ಯಾರನ್ನು ಪಳಗಿಸಿದರೆಂದು ಬದ್ರುದ್ದೀನನಿಗೂ ತಿಳಿಯಲಿಲ್ಲ. ಸುಮ್ಮನೆ ಲಗಾಮು ದಿಗಂಬರನಿಗೇ ಕೊಟ್ಟುಬಿಟ್ಟ.

*

"ನಾವೂ ಅವನ ಮಂದೀನ ಅಲ್ಲೇನು?" ತುಳಜಾರಾಮನ ದನಿ ಸ್ವಲ್ಪ ತಗ್ಗಿತು. "ಹುಟ್ಟಿದಾಗಿಂದ ನೋಡೀನಿ ಅವನ್ನ."

"ನೋಡೀರಿ. ಹೆಸರೂ ಇಟ್ಟೀರಿ. ಹೆಗಲು ಕೊಟ್ಟಾಕಿ ಮಾತ್ರ ಈಕಿ." ದ್ರೌಪತಿ ಬಿಜಲಿಯತ್ತ ಗದ್ದ ಎತ್ತಿದಳು. "ಅಂವನ್ನ ಈಕೀನ ಒಯ್ತಾಳ. ಸರೀರಿ."

"ನಾ ಸರಿಯೂದಿಲ್ಲ."

"ಹಂಗಾರ ಹತ್ರಿ. ಅಂವನ ಕಾಲಕಡಿ ಜಾಗಾ ಅದ."

ಈ ಸಲ ಕೆಮ್ಮಿನ ನೆಪ ಯಾರಿಗೂ ಬೇಕಾಗಲಿಲ್ಲ. ಮುದುಕ ಬದ್ರುದ್ದೀನ್ ಬಾಗಿ ಗಾಲಿಗಿಟ್ಟ ಕಲ್ಲು ತೆಗೆದ. ದ್ರೌಪತಿ ನಾಲಿಗೆಯಿಂದ 'ಚಕ್' ಅಂದಳು.

ಬಿಜಲಿಗೆ ಶವಯಾತ್ರೆಯ ನಡಿಗೆ ಯಾರೂ ಕಲಿಸಿರಲಿಲ್ಲ. ಎಂದಿನಂತೆ ದುಡುಕಿ ಹೊರಟಿತು; ಸರಿಯೂದಿಲ್ಲ ಎಂದಿದ್ದ ತುಳಜಾರಾಮ ಪಕ್ಕಕ್ಕೆ ಜಿಗಿದ. ಹೆಗಲಿಗೆಂದು ಬಂದವರು ಮೊದಲು ನಡೆದರು, ಆಮೇಲೆ ಓಡಿದರು. ಎಲ್ಲರಿಗಿಂತ ಹಿಂದೆ ತುಳಜಾರಾಮ, ಒಂದು ಕೈಯಲ್ಲಿ ಧೋತರ ಮೊಣಕಾಲ ಮೇಲೆತ್ತಿ, ಇನ್ನೊಂದು ಕೈಯನ್ನು ಟಾಂಗಾದತ್ತ ಚಾಚಿ, ಧೂಳಿನಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ.